ಕೆರೆ ಏರಿಯ ಮೂರು ಕಲ್ಲುಗಳು: ಸ್ಮಾರಕ ಶಿಲೆಗಳ ಮೇಲಿನ ಚಿಹ್ನೆಗಳನ್ನು ಹೇಗೆ ಓದಬೇಕು?

ವರದಾ ತೀರ (ಹಾನಗಲ್ಲ ತಾಲೂಕು)

ಎಲ್ಲ ಹಿರಿಯರಿಗೂ ನಮಸ್ಕಾರ. ನಮ್ಮೂರ ಕೆರೆಯ ಏರಿ ಮುಗಿಯುವಲ್ಲಿ, ಬೇವಿನ ಮರದ ಬುಡದಲ್ಲಿ ಮೂರು ಹಳೆಯ ಕಲ್ಲುಗಳು ನಿಂತಿವೆ. ಮೊದಲನೆಯದು ಆಳೆತ್ತರದ್ದು. ಅದರಲ್ಲಿ ಒಂದರ ಮೇಲೊಂದು ಮೂರು ಪಟ್ಟಿಕೆಗಳಿವೆ. ಕೆಳಗಿನದರಲ್ಲಿ ಬಿಲ್ಲು ಹಿಡಿದ ಒಬ್ಬ ವೀರ, ಅವನ ಬೆನ್ನ ಹಿಂದೆ ದನಗಳ ಸಾಲು. ನಡುವಣದರಲ್ಲಿ ಇಬ್ಬರು ಸ್ತ್ರೀಯರ ಮಧ್ಯದಲ್ಲಿ ಕುಳಿತ ಪುರುಷ. ಮೇಲಿನದರಲ್ಲಿ ಲಿಂಗ ಮತ್ತು ನಂದಿ. ತುದಿಯಲ್ಲಿ ಸೂರ್ಯ ಚಂದ್ರರು. ಎರಡನೆಯ ಕಲ್ಲಿನಲ್ಲಿ ಕಂಬದಿಂದ ಹೊರಟ ಒಂದು ತೋಳು ಮೊಣಕೈಯಲ್ಲಿ ಬಾಗಿ ಮೇಲಕ್ಕೆದ್ದಿದೆ. ಕೈತುಂಬ ಬಳೆಗಳಿವೆ, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ದುಂಡಗಿನ ವಸ್ತುವೊಂದಿದೆ. ಮೂರನೆಯದು ಚಿಕ್ಕದು. ಅದರ ಮೇಲ್ಭಾಗದಲ್ಲಿ ಪದ್ಮಾಸನದಲ್ಲಿ ಕುಳಿತ ದಿಗಂಬರ ಮೂರ್ತಿಯಿದ್ದು, ಅದರ ತಲೆಯ ಮೇಲೆ ಮೂರು ಕೊಡೆಗಳಿವೆ. ಕೆಳಭಾಗದಲ್ಲಿ ಕೈಮುಗಿದು ಕುಳಿತ ಒಬ್ಬ ವ್ಯಕ್ತಿಯ ಎದುರು ಕಾಲುಗಳು ಒಂದನ್ನೊಂದು ಅಡ್ಡಹಾಯ್ದಿರುವ ಒಂದು ಪುಟ್ಟ ಪೀಠವಿದೆ.

ಊರವರು ಮೊದಲನೆಯದಕ್ಕೆ ಕಲ್ಲಪ್ಪ ಎಂದು ಹೆಸರಿಟ್ಟು ಅಮಾವಾಸ್ಯೆಗೆ ಎಣ್ಣೆ ಎರೆಯುತ್ತಾರೆ. ಎರಡನೆಯದನ್ನು ಮಾಸ್ತೆವ್ವ ಎನ್ನುತ್ತಾರೆ. ಮೂರನೆಯದಕ್ಕೆ ಯಾರೂ ಹೆಸರಿಟ್ಟಿಲ್ಲ. ಈ ಸಲದ ಜಾತ್ರೆಗೆ ಮೊದಲು ಅಲ್ಲಿ ಒಂದು ಫಲಕ ಹಾಕಿಸಬೇಕೆಂದು ಕಮಿಟಿಯವರು ನಿಶ್ಚಯಿಸಿ, ಒಕ್ಕಣೆಯನ್ನು ನನಗೆ ವಹಿಸಿದ್ದಾರೆ. ಮೊಬೈಲಿನಲ್ಲಿ ಹರಿದಾಡುವ ಒಂದು ಪಟ್ಟಿಯ ಪ್ರಕಾರ ಕುದುರೆ ಒಂದು ಕಾಲೆತ್ತಿದ್ದರೆ ವೀರನು ಗಾಯದಿಂದ ಸತ್ತನೆಂದೂ ಎರಡು ಕಾಲೆತ್ತಿದ್ದರೆ ರಣರಂಗದಲ್ಲಿಯೇ ಮಡಿದನೆಂದೂ ಅರ್ಥವಂತೆ. ಒಂದು ಚಿಹ್ನೆಗೆ ಒಂದೇ ಅರ್ಥ ಎಂಬಂತೆ ಹೀಗೆ ಪಟ್ಟಿ ಮಾಡಿ ಓದಲು ಸಾಧ್ಯವೆ? ಧಾರವಾಡದ ಹಳೆಯ ಇಂಗ್ಲಿಷ್ ಸಮಾಧಿಗಳಲ್ಲಿ ಮುರಿದ ಕಂಬ, ಹಡಗಿನ ಲಂಗರು ಮುಂತಾದವು ಇರುತ್ತವೆ ಎಂದು ಕೇಳಿದ್ದೇನೆ. ಅವುಗಳಿಗೂ ನಮ್ಮ ಕಲ್ಲುಗಳಿಗೂ ಏನಾದರೂ ಹೋಲಿಕೆ ಇದೆಯೆ? ಫಲಕದ ಮೇಲೆ ಬರೆದದ್ದು ಇನ್ನು ಐವತ್ತು ವರ್ಷ ಊರಿನ ಮಕ್ಕಳ ಪಾಠವಾಗುತ್ತದೆ. ಆದ್ದರಿಂದ ತಿಳಿದವರು ದಯವಿಟ್ಟು ವಿಸ್ತಾರವಾಗಿ ಬರೆಯಬೇಕೆಂದು ಕೋರುತ್ತೇನೆ.

ಶಾಸನಾಭ್ಯಾಸಿ, ಧಾರವಾಡ

ತಾವು ಕಲ್ಲುಗಳನ್ನು ವರ್ಣಿಸಿದ ರೀತಿಯೇ ಅರ್ಧ ಉತ್ತರವನ್ನು ಕೊಟ್ಟಿದೆ. ಮೊದಲನೆಯದು ವೀರಗಲ್ಲು, ಎರಡನೆಯದು ಗಂಡನ ಚಿತೆಯೇರಿದ ಹೆಂಗಸಿನ ನೆನಪಿನ ಮಾಸ್ತಿಗಲ್ಲು ಅಥವಾ ಮಹಾಸತಿಗಲ್ಲು, ಮೂರನೆಯದು ಜೈನರ ನಿಷಿಧಿಗಲ್ಲು. ಮೂರೂ ಸಾವಿನ ಸ್ಮಾರಕಗಳೇ ಆದರೂ ಮೂರು ಬೇರೆ ಬೇರೆ ಬಗೆಯ ಸಾವುಗಳಿಗೆ ಸಂಬಂಧಿಸಿದವು. ಅವು ಒಂದೇ ಮರದ ಕೆಳಗೆ ನಿಂತಿರುವುದರಿಂದ ಒಂದೇ ಕುಟುಂಬದವು ಎಂದಾಗಲಿ, ಒಂದೇ ಕಾಲದವು ಎಂದಾಗಲಿ ಭಾವಿಸಬಾರದು. ಹೊಲ ಹರಗುವಾಗ, ಕೆರೆಯ ಹೂಳು ತೆಗೆಯುವಾಗ ಸಿಕ್ಕ ಕಲ್ಲುಗಳನ್ನು ಊರವರು ಒಂದೆಡೆ ತಂದು ನಿಲ್ಲಿಸುವುದು ನಮ್ಮ ಕಡೆ ಸಾಮಾನ್ಯ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆ ಈ ಲೋಕದ್ದು: ವೀರ ಯಾವ ಕಾರಣಕ್ಕೆ, ಯಾರೊಡನೆ, ಯಾವ ಆಯುಧ ಹಿಡಿದು ಹೋರಾಡಿದ ಎಂಬ ವೃತ್ತಾಂತ ಅಲ್ಲಿರುತ್ತದೆ. ನಡುವಣ ಪಟ್ಟಿಕೆ ಪ್ರಯಾಣದ್ದು: ಅಪ್ಸರೆಯರು ಅವನನ್ನು ತೋಳು ಹಿಡಿದು ಅಥವಾ ವಿಮಾನದಲ್ಲಿ ಕುಳ್ಳಿರಿಸಿ ಮೇಲಕ್ಕೆ ಒಯ್ಯುತ್ತಾರೆ, ಕೆಲವು ಕಲ್ಲುಗಳಲ್ಲಿ ಚಾಮರ ಬೀಸುತ್ತಾರೆ. ಮೇಲಿನ ಪಟ್ಟಿಕೆ ಅವನು ಸೇರಿದ ಲೋಕದ್ದು. ಶೈವನಾಗಿದ್ದರೆ ಅಲ್ಲಿ ಲಿಂಗ, ಪೂಜೆ ಮಾಡುವ ಯತಿ ಮತ್ತು ನಂದಿ ಇರುತ್ತಾರೆ. ಜೈನನಾಗಿದ್ದರೆ ಅದೇ ಸ್ಥಳದಲ್ಲಿ ಜಿನಬಿಂಬವಿರುತ್ತದೆ. ಎಂದರೆ ಸಾಯುವ ರೀತಿ ಒಂದೇ ಆಗಿದ್ದರೂ ತಲಪುವ ಲೋಕವನ್ನು ವೀರನ ಮತಧರ್ಮ ನಿರ್ಧರಿಸುತ್ತಿತ್ತು. ಸೂರ್ಯ ಚಂದ್ರರು ಇರುವವರೆಗೆ ಈ ಕೀರ್ತಿ ಇರಲಿ ಎಂಬ ಆಶಯಕ್ಕೆ ಅವರಿಬ್ಬರನ್ನೂ ತುದಿಯಲ್ಲಿ ಕೆತ್ತುತ್ತಿದ್ದರು. ದಾನಶಾಸನಗಳಲ್ಲಿ ಕಾಣುವ ‘ಆಚಂದ್ರಾರ್ಕ’ ಎಂಬ ಮಾತಿನ ಚಿತ್ರರೂಪವೇ ಅದು.

ಈ ನಂಬಿಕೆಯ ಸಾರ ಅನೇಕ ವೀರಗಲ್ಲುಗಳ ಮೇಲೆ ಶ್ಲೋಕರೂಪದಲ್ಲಿಯೇ ಇದೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ.’ ಗೆದ್ದರೆ ಸಿರಿ ದೊರೆಯುತ್ತದೆ, ಸತ್ತರೆ ಸುರಾಂಗನೆ ದೊರೆಯುತ್ತಾಳೆ. ಕ್ಷಣದಲ್ಲಿ ಅಳಿಯುವ ಈ ದೇಹವಿರಲು ರಣದಲ್ಲಿ ಸಾಯುವುದಕ್ಕೆ ಚಿಂತೆಯೇಕೆ ಎಂದು ಅದರ ತಾತ್ಪರ್ಯ. ನಿಮ್ಮ ಕಲ್ಲಿನ ನಡುವಣ ಪಟ್ಟಿಕೆ ಈ ಶ್ಲೋಕದ ಎರಡನೆಯ ಪಾದವನ್ನು ಶಿಲ್ಪದಲ್ಲಿ ಹೇಳುತ್ತಿದೆ.

ನಿಮ್ಮ ತಾಲೂಕು ಕೇಂದ್ರದಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. 1196ರಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದಾಗ, ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಆ ಮುತ್ತಿಗೆಯನ್ನು ಹಿಮ್ಮೆಟ್ಟಿಸುವ ಕಾಳಗದಲ್ಲಿ ಮಡಿದ ಸಂಗತಿ ತಿಳಿದುಬಂದಿರುವುದು ಅಲ್ಲಿಯ ವೀರಗಲ್ಲಿನಿಂದ. ಅಂಥ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ದಟ್ಟಣೆ ಇರುತ್ತದೆ. ನಿಮ್ಮ ಕಲ್ಲಿನಲ್ಲಿರುವವನು ಒಬ್ಬನೇ, ಅವನ ಹಿಂದೆ ದನಗಳು. ಆ ದನಗಳನ್ನು ಫಲಕದಲ್ಲಿ ಮರೆಯಬೇಡಿ.

ಬೆಟಗೇರಿ ಓದುಗ

ದನಗಳ ವಿಷಯವನ್ನು ನಾನು ಮುಂದುವರಿಸುತ್ತೇನೆ. ನಮ್ಮ ಗದಗ ಬೆಟಗೇರಿಯಲ್ಲಿ ವೀರಗಲ್ಲುಗಳ ಗುಂಪೇ ಇದೆ. ಚಿಕ್ಕಂದಿನಿಂದ ನೋಡುತ್ತ ಬಂದವನಾದ್ದರಿಂದ ಈ ವಿಷಯದಲ್ಲಿ ನನಗೆ ಮಮತೆ ಹೆಚ್ಚು. ಹಿಂದಿನ ಕಾಲದಲ್ಲಿ ಒಂದು ಊರಿನ ಸಂಪತ್ತೆಂದರೆ ದನಕರು. ಶತ್ರುಗಳು ಮೊದಲು ಕೈಹಾಕುತ್ತಿದ್ದುದು ಅದಕ್ಕೆ. ಹೀಗೆ ತುರುಗಳನ್ನು ಹೊಡೆದುಕೊಂಡು ಹೋಗುವುದಕ್ಕೆ ಶಾಸನಗಳಲ್ಲಿ ತುರುಗೋಳ್ ಎಂಬ ಹೆಸರಿದೆ. ಅವುಗಳನ್ನು ಮರಳಿ ತರಲು ಹೋಗಿ ಸತ್ತವರ ಕಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ಸಿಗುತ್ತವೆ. ಹೆಂಗಸರ ಮಾನರಕ್ಷಣೆಗಾಗಿ ನಡೆದ ಕಾಳಗವನ್ನು ಶಾಸನಗಳು ಪೆಣ್ಬುಯ್ಯಲ್ ಎನ್ನುತ್ತವೆ. ಹುಲಿ, ಹಂದಿಗಳೊಡನೆ ಹೋರಾಡಿ ಸತ್ತವರಿಗೂ ಕಲ್ಲುಗಳುಂಟು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಸ್ಮರಿಸಲಾಗಿದೆ. ರಾಜನಿಗಾಗಿ ಸತ್ತವನಿಗೆ ಮಾತ್ರ ಕಲ್ಲು ನಿಲ್ಲಿಸುತ್ತಿದ್ದರೆಂದು ತಿಳಿದವರು ಇವನ್ನೆಲ್ಲ ಗಮನಿಸಬೇಕು.

ಆದರೆ ದನ ಕಂಡಲ್ಲೆಲ್ಲ ತುರುಗಾಳಗ ಎನ್ನಲಾಗದು. ಕಲ್ಲಿನ ಮೇಲ್ತುದಿಯಲ್ಲಿ ಲಿಂಗ, ಯತಿ, ಸೂರ್ಯ ಚಂದ್ರರ ಜೊತೆಗೆ ಕರುವಿಗೆ ಹಾಲೂಡುತ್ತ ನಿಂತ ಒಂದೇ ಹಸು ಇದ್ದು, ಕೆಳಗೆಲ್ಲ ಬರಹವೇ ತುಂಬಿದ್ದರೆ ಅದು ಬಹುಮಟ್ಟಿಗೆ ದಾನಶಾಸನ. ಭೂಮಿಯನ್ನೋ ಸುಂಕವನ್ನೋ ದೇವಾಲಯಕ್ಕೆ ಬಿಟ್ಟ ದಾಖಲೆಯದು, ಯಾರ ಸಾವಿಗೂ ಸಂಬಂಧಿಸಿದ್ದಲ್ಲ. ಹಸು ಒಂದೇ, ಸೂರ್ಯ ಚಂದ್ರರೂ ಅವರೇ. ಕಲ್ಲಿನಲ್ಲಿ ಅವು ಎಲ್ಲಿ ನಿಂತಿವೆ, ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಅರ್ಥ ಬೇರೆಯಾಗುತ್ತದೆ. ಪಟ್ಟಿ ಮಾಡಿ ಓದಲು ಬರುತ್ತದೆಯೆ ಎಂಬ ತಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ಕುದುರೆಯ ಕಾಲಿನ ಲೆಕ್ಕವಂತೂ ಪರದೇಶಗಳ ನಗರಚೌಕಗಳಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಗಳ ಬಗ್ಗೆ ಹುಟ್ಟಿದ ಮಾತು; ಅಲ್ಲಿಯೂ ಅದು ನಿಯಮವಾಗಿ ನಿಲ್ಲುವುದಿಲ್ಲ. ನಮ್ಮ ಶಿಲ್ಪಿ ಕುದುರೆಯ ಮುಂಗಾಲುಗಳನ್ನು ಎತ್ತಿಸಿದ್ದು ವೇಗವನ್ನು, ಏರಿಹೋಗುವ ರಭಸವನ್ನು ತೋರಿಸಲು. ದಯವಿಟ್ಟು ಅದನ್ನು ಫಲಕಕ್ಕೆ ತರಬೇಡಿ.

ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

ಮೊದಲನೆಯ ಕಲ್ಲಿನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದ ತಾವಿಬ್ಬರೂ ಎರಡನೆಯದರ ಹೆಸರು ಹೇಳಿ ಮುಂದೆ ಸಾಗಿದ್ದೀರಿ. ಆ ತೋಳಿನ ಬಗ್ಗೆ ನಾನು ಬರೆಯುತ್ತೇನೆ.

ಮಾಸ್ತಿಗಲ್ಲಿನ ಶಿಲ್ಪದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಳೆಗಳು. ಗಂಡ ಸತ್ತ ಮೇಲೆ ಹೆಂಗಸಿನ ಬಳೆ ಒಡೆಯುವ ಪದ್ಧತಿಯಿದ್ದ ಸಮಾಜ ಅದು. ಕಲ್ಲಿನ ಕೈಯಲ್ಲಿ ಬಳೆಗಳು ಇಡಿಯಾಗಿವೆ. ಎಂದರೆ ಚಿತೆಯೇರಿದ ಇವಳು ವಿಧವೆಯಾಗಲೇ ಇಲ್ಲ, ಮುತ್ತೈದೆಯಾಗಿಯೇ ಹೋದಳು ಎಂದು ಕಲ್ಲು ನಿಲ್ಲಿಸಿದವರು ಹೇಳುತ್ತಿದ್ದಾರೆ. ಬೆರಳುಗಳ ನಡುವಿನ ದುಂಡು ವಸ್ತು ನಿಂಬೆಹಣ್ಣು. ಕೆಲವು ಕಲ್ಲುಗಳಲ್ಲಿ ಇನ್ನೊಂದು ಕೈಯಲ್ಲಿ ಕನ್ನಡಿಯೋ ಕುಂಕುಮದ ಭರಣಿಯೋ ಇರುತ್ತದೆ. ಅವೂ ಮುತ್ತೈದೆತನದ ಗುರುತುಗಳೇ. ಎತ್ತಿದ ಹಸ್ತ ಅಭಯ ನೀಡುವ, ಹರಸುವ ಹಸ್ತ. ಮುಖವಿಲ್ಲದೆ ತೋಳೊಂದನ್ನೇ ಕೆತ್ತಿದ ಕಲ್ಲುಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ವೀರನಿಗೆ ಮುಖವಿದೆ, ಆಯುಧವಿದೆ, ಹೋರಾಟದ ಕಾರಣವಿದೆ. ಇವಳಿಗೆ ಬಳೆ ಮಾತ್ರ ಇದೆ.

ಇನ್ನು ಫಲಕದ ಮಾತು. ‘ಪತಿಯೊಡನೆ ಸ್ವರ್ಗ ಸೇರಿದ ಪುಣ್ಯವತಿ’ ಎಂಬಂಥ ಒಕ್ಕಣೆಯನ್ನು ಬರೆಯಲೇಬಾರದೆಂದು ಕೈಮುಗಿದು ಕೇಳುತ್ತೇನೆ. ಚಿಹ್ನೆಯ ಅರ್ಥವನ್ನು ಹೇಳುವುದು ಬೇರೆ, ಆ ಅರ್ಥವನ್ನು ನಾವೇ ಒಪ್ಪಿ ಸಾರುವುದು ಬೇರೆ. 1987ರ ಸತಿ ತಡೆ ಕಾಯ್ದೆಯ ಪ್ರಕಾರ ಸತಿಯ ವೈಭವೀಕರಣವೂ ಅಪರಾಧ. ಕಾನೂನಿನ ಮಾತು ಹಾಗಿರಲಿ, ಕೆರೆಗೆ ನೀರಿಗೆ ಬರುವ ಹೆಣ್ಣುಮಕ್ಕಳು ಆ ಫಲಕವನ್ನು ಓದುತ್ತಾರೆ. ಅವರ ಕಣ್ಣಿಗೆ ಅದು ಏನು ಹೇಳಬೇಕೆಂಬುದನ್ನು ಕಮಿಟಿಯ ಹಿರಿಯರು ಯೋಚಿಸಬೇಕು.

ಶಾಸನಾಭ್ಯಾಸಿ, ಧಾರವಾಡ

ಅಕ್ಕನವರ ಮಾತನ್ನು ಪೂರ್ಣ ಗೌರವದಿಂದ ಸ್ವೀಕರಿಸುತ್ತೇನೆ. ಒಂದು ಅಂಶವನ್ನು ಮಾತ್ರ ಸೇರಿಸಬೇಕು. ಚಿತ್ರ ಹೇಳದ್ದನ್ನು ಬರಹ ಕೆಲವೊಮ್ಮೆ ಹೇಳುತ್ತದೆ. ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆ ಎಂಬವಳ ಕಥೆಯನ್ನು ಕಾವ್ಯವಾಗಿಯೇ ಹೇಳುತ್ತದೆ. ತಂದೆತಾಯಿಗಳು, ಬಂಧುಗಳು ಬೇಡವೆಂದು ತಡೆದರೂ ಅವಳು ಕೇಳಲಿಲ್ಲವೆಂದು ಅದರಲ್ಲಿದೆ. ಹೀಗಾಗಿ ಎಲ್ಲ ಮಾಸ್ತಿಗಲ್ಲುಗಳ ಹಿಂದೆಯೂ ಒಂದೇ ಬಗೆಯ ಕಥೆಯಿತ್ತು ಎಂದು ನಾವು ಹೇಳಲಾರೆವು.

ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

ಆ ಶಾಸನವನ್ನು ನಾನೂ ಓದಿದ್ದೇನೆ, ಅದರ ಕಾವ್ಯಗುಣವನ್ನೂ ಬಲ್ಲೆ. ಆದರೆ ಅದನ್ನು ಬರೆಸಿದವರು ಬದುಕುಳಿದವರೇ ಹೊರತು ದೇಕಬ್ಬೆಯಲ್ಲ. ವೀರಗಲ್ಲಿಗೂ ಇದೇ ಮಾತು ಸಲ್ಲುತ್ತದೆ: ಸ್ಮಾರಕದ ಮೇಲಿನ ಚಿಹ್ನೆ ಸತ್ತವರ ಮನಸ್ಸನ್ನು ತಿಳಿಸುವುದಿಲ್ಲ, ನಿಲ್ಲಿಸಿದವರ ಮನಸ್ಸನ್ನು ತಿಳಿಸುತ್ತದೆ. ಫಲಕದಲ್ಲಿ ‘ಹೀಗೆಂದು ಅಂದಿನವರು ನಂಬಿದ್ದರು’ ಎಂದು ಬರೆದರೆ ಸತ್ಯಕ್ಕೂ ಲೋಪವಿಲ್ಲ, ಆ ಹೆಣ್ಣಿಗೂ ಅನ್ಯಾಯವಿಲ್ಲ.

ಶಾಸನಾಭ್ಯಾಸಿ, ಧಾರವಾಡ

ಒಪ್ಪಿದೆ, ಅಕ್ಕನವರೆ. ಫಲಕಕ್ಕೆ ಆ ವಾಕ್ಯರಚನೆಯೇ ಸರಿಯಾದದ್ದು. ನಿಲ್ಲಿಸಿದವರ ಹಿತಾಸಕ್ತಿಯೂ ಅಲ್ಲಿತ್ತೆಂಬುದಕ್ಕೆ ಶಾಸನಗಳಲ್ಲಿಯೇ ಆಧಾರವಿದೆ. ಸತ್ತ ವೀರನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬ ಹೆಸರುಗಳಲ್ಲಿ ಇಂಥ ದತ್ತಿಗಳು ಬರುತ್ತವೆ. ಕಲ್ಲು ನಿಂತಿರುವವರೆಗೆ ಆ ಹೊಲದ ಮೇಲಿನ ಹಕ್ಕಿಗೂ ಊರೆದುರು ಒಂದು ಸಾಕ್ಷಿ ಇರುತ್ತಿತ್ತು.

ಪುಲಿಗೆರೆ ನಾಡು (ಲಕ್ಷ್ಮೇಶ್ವರ)

ಹೆಸರಿಲ್ಲದ ಮೂರನೆಯ ಕಲ್ಲಿನ ಪರವಾಗಿ ನಾಲ್ಕು ಮಾತು. ಮೇಲೆ ಮುಕ್ಕೊಡೆಯ ಕೆಳಗೆ ಕುಳಿತವನು ಜಿನ. ಕೆಳಗೆ ಕೈಮುಗಿದು ಕುಳಿತವರು ಸಲ್ಲೇಖನ, ಅಂದರೆ ಆಹಾರವನ್ನು ಕ್ರಮವಾಗಿ ತೊರೆದು ಸಾವನ್ನು ಸ್ವೀಕರಿಸುವ ವ್ರತ ಕೈಗೊಂಡು ದೇಹ ತ್ಯಜಿಸಿದವರು. ಅದು ಗಂಡಾಗಿರಬಹುದು, ಹೆಣ್ಣಾಗಿರಬಹುದು, ಮುನಿಯಾಗಿರಬಹುದು, ಸಂಸಾರಿಯಾಗಿರಬಹುದು. ಎದುರಿಗಿರುವ ಪೀಠ ಗ್ರಂಥವಿಡುವಂಥದು. ಸಾಮಾನ್ಯವಾಗಿ ಪೀಠದ ಆಚೆ ಬದಿಯಲ್ಲಿ ಉಪದೇಶ ಮಾಡುವ ಗುರು ಇರುತ್ತಾರೆ, ನವಿಲುಗರಿಯ ಪಿಂಛ ಅಥವಾ ಕಮಂಡಲು ಇರುತ್ತದೆ. ಆ ಭಾಗ ಸವೆದಿದೆಯೆ ಎಂದು ತಾವು ಇನ್ನೊಮ್ಮೆ ನೋಡಬೇಕು.

ವೀರಗಲ್ಲಿನಲ್ಲಿರುವ ಚಲನೆಯೆಲ್ಲ ಇಲ್ಲಿ ನಿಂತುಹೋಗಿದೆ. ಅಪ್ಸರೆಯರಿಲ್ಲ, ವಿಮಾನವಿಲ್ಲ, ಯಾರೂ ಯಾರನ್ನೂ ಒಯ್ಯುತ್ತಿಲ್ಲ. ಸಾವನ್ನು ಎದುರುನೋಡುತ್ತ ಶಾಸ್ತ್ರಶ್ರವಣ ಮಾಡುತ್ತ ಕುಳಿತವರ ಸ್ಥಿರತೆಯನ್ನೇ ಶಿಲ್ಪಿ ಕೆತ್ತಿದ್ದಾನೆ. ಕಲ್ಲು ಚಿಕ್ಕದಾದರೂ ಅದರ ಹಿಂದಿನ ಪರಂಪರೆ ದೊಡ್ಡದು. ನಿಮ್ಮದೇ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಗಂಗ ದೊರೆ ಇಮ್ಮಡಿ ಮಾರಸಿಂಹನು ರಾಜ್ಯ ತೊರೆದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸುಮಾರು 974ರಲ್ಲಿ ಸಲ್ಲೇಖನದಿಂದ ದೇಹಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅನೇಕ ಯುದ್ಧಗಳನ್ನು ಗೆದ್ದ ದೊರೆ ಆರಿಸಿಕೊಂಡ ಸಾವು ಇದು. ನಮ್ಮ ಲಕ್ಷ್ಮೇಶ್ವರ, ಮುಳಗುಂದ, ಬಂಕಾಪುರಗಳ ಸುತ್ತ ಜೈನಧರ್ಮ ಎಷ್ಟು ಬೇರೂರಿತ್ತೆಂಬುದಕ್ಕೆ ಇಂಥ ಕಲ್ಲುಗಳೇ ಉಳಿದ ಸಾಕ್ಷಿ. ಇಂದು ನಿಮ್ಮೂರಲ್ಲಿ ಜೈನ ಮನೆಗಳು ಇಲ್ಲದಿದ್ದರೆ ಅದರ ಬೆಲೆ ಇನ್ನೂ ಹೆಚ್ಚು. ಫಲಕದಲ್ಲಿ ಇದಕ್ಕೂ ಸಮಾನ ಸ್ಥಳ ಕೊಡಬೇಕು.

ಸವಣೂರ ಸೀಮೆ

ನಮ್ಮ ಸವಣೂರಿನ ಗೋರಿಗಳ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. 1948ರವರೆಗೂ ನವಾಬರ ಸಂಸ್ಥಾನವಾಗಿದ್ದ ಊರು ನಮ್ಮದು. ಇಸ್ಲಾಮಿನ ಗೋರಿಯಲ್ಲಿ ಮನುಷ್ಯರ, ಪ್ರಾಣಿಗಳ ಆಕೃತಿಗಳನ್ನು ಕೆತ್ತುವುದಿಲ್ಲ. ಆದ್ದರಿಂದ ಅಲ್ಲಿ ಚಿಹ್ನೆಗಳೇ ಇಲ್ಲವೆಂದು ಹಲವರು ತಿಳಿದಿದ್ದಾರೆ. ದಖ್ಖನಿನ ಹಳೆಯ ಗೋರಿಗಳನ್ನು ಗಮನಿಸಿದರೆ ಕೆಲವದರ ಬೆನ್ನಮೇಲೆ ಉದ್ದಕ್ಕೆ ಒಂದು ಉಬ್ಬು ಇರುತ್ತದೆ, ಇನ್ನು ಕೆಲವದರ ಮೇಲ್ಮೈ ಹಲಗೆಯಂತೆ ಸಮತಟ್ಟಾಗಿರುತ್ತದೆ. ಉಬ್ಬು ಇದ್ದರೆ ಗಂಡಸಿನದು, ಅದನ್ನು ಕಲಮ್‌ದಾನ್, ಅಂದರೆ ಲೇಖನಿಯ ಪೆಟ್ಟಿಗೆ ಎನ್ನುತ್ತಾರೆ. ಸಮತಟ್ಟಾಗಿದ್ದರೆ ಹೆಂಗಸಿನದು, ಅದು ತಖ್ತಿ, ಬರೆಯುವ ಹಲಗೆ. ತಲೆಗಲ್ಲಿನ ಬಳಿ ಅಥವಾ ಗೋರಿಯ ಬದಿಯಲ್ಲಿ ದೀಪವಿಡುವ ಚಿಕ್ಕ ಗೂಡು ಇರುವುದುಂಟು. ಅಲ್ಲಾಹನನ್ನು ಭೂಮ್ಯಾಕಾಶಗಳ ಬೆಳಕು ಎಂದೂ, ಆ ಬೆಳಕನ್ನು ಗೂಡಿನಲ್ಲಿಟ್ಟ ದೀಪವೆಂದೂ ವರ್ಣಿಸುವ ಕುರ್‌ಆನಿನ ನೂರ್ ಅಧ್ಯಾಯ ಅದನ್ನು ಕಂಡಾಗ ನೆನಪಾಗುತ್ತದೆ. ಗೋರಿಯು ಉತ್ತರ ದಕ್ಷಿಣವಾಗಿದ್ದು, ಮೃತರ ಮುಖವನ್ನು ಪಶ್ಚಿಮಕ್ಕೆ, ಅಂದರೆ ಮೆಕ್ಕಾ ಇರುವ ದಿಕ್ಕಾದ ಕಿಬ್ಲಾದ ಕಡೆಗೆ ತಿರುಗಿಸಿರುತ್ತಾರೆ. ಕೆತ್ತನೆಯೇ ಇಲ್ಲದ ಬರಿಯ ಗೋರಿಯಲ್ಲಿಯೂ ದಿಕ್ಕು ಮಾತನಾಡುತ್ತದೆ.

ಇದರ ಜೊತೆಗೆ ಶಿಶುನಾಳವನ್ನು ನೆನೆಯದಿದ್ದರೆ ಹಾವೇರಿ ಜಿಲ್ಲೆಯ ಮಾತು ಪೂರ್ತಿಯಾಗದು. ಶರೀಫ ಸಾಹೇಬರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ತಂತಮ್ಮ ರೀತಿಯಲ್ಲಿ ನಡೆದುಕೊಳ್ಳುತ್ತಾರೆ. ಅಲ್ಲಿ ಕಾಯಿ ಒಡೆಯುವುದೂ ಉಂಟು, ಸಕ್ಕರೆ ಓದಿಸುವುದೂ ಉಂಟು.

ಮಿಶನ್ ಕಂಪೌಂಡ್, ಧಾರವಾಡ

ಮುರಿದ ಕಂಬ ಮತ್ತು ಲಂಗರಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ಸಮಾಧಿಗಳಲ್ಲಿ ಅರ್ಧಕ್ಕೆ ಮುರಿದಂತೆ ಕೆತ್ತಿದ ಕಂಬ ಅಕಾಲದಲ್ಲಿ ಮುಗಿದ ಆಯುಷ್ಯವನ್ನು ಸೂಚಿಸುತ್ತದೆ. ಅದು ಕಾಲಕ್ರಮದಲ್ಲಿ ಬಿದ್ದು ಮುರಿದದ್ದಲ್ಲ, ಹಾಗೆಯೇ ಕಡೆದದ್ದು. ತಿಳಿಯದವರು ಅದನ್ನು ದುರಸ್ತಿ ಮಾಡಲು ಹೊರಟದ್ದನ್ನು ಕೇಳಿದ್ದೇನೆ. ಲಂಗರು ನಿರೀಕ್ಷೆಯ ಗುರುತು. ನಿರೀಕ್ಷೆಯು ಆತ್ಮಕ್ಕೆ ಲಂಗರಿನಂತೆ ಸ್ಥಿರವಾದದ್ದು ಎಂದು ಬೈಬಲಿನ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಬರುತ್ತದೆ. ಆದರೆ ನಾವಿಕನೊಬ್ಬನ ಸಮಾಧಿಯ ಮೇಲೆ ಅದೇ ಲಂಗರು ಅವನ ವೃತ್ತಿಯನ್ನೂ ಹೇಳುತ್ತಿರಬಹುದು, ಆದ್ದರಿಂದ ಬರಹವನ್ನು ಓದದೆ ತೀರ್ಮಾನಿಸಬಾರದು. ಕುರಿಮರಿ ಸಾಮಾನ್ಯವಾಗಿ ಮಕ್ಕಳ ಸಮಾಧಿಯ ಮೇಲಿರುತ್ತದೆ. ಬಟ್ಟೆ ಹೊದಿಸಿದ ಕಲಶಾಕೃತಿ, ತಲೆಕೆಳಗಾದ ಪಂಜು, ಮೇಲಕ್ಕೆ ಚೂಪಾಗುವ ನಾಲ್ಕು ಮೂಲೆಯ ಎತ್ತರದ ಕಂಬ ಇವು ಮೂಲದಲ್ಲಿ ಕ್ರೈಸ್ತ ಚಿಹ್ನೆಗಳೇ ಅಲ್ಲ. ಗ್ರೀಸ್, ರೋಮ್, ಈಜಿಪ್ಟುಗಳ ಪ್ರಾಚೀನ ಕಲೆಯಿಂದ ಆ ಕಾಲದ ಅಭಿರುಚಿಗೆ ತಕ್ಕಂತೆ ಎತ್ತಿಕೊಂಡವು.

ಧಾರವಾಡದಲ್ಲಿ ಎಲ್ಲರೂ ಕೇಳುವ ಸಮಾಧಿ ಥ್ಯಾಕರೆಯದು. ಕಿತ್ತೂರಿನ ಮೇಲೆ ದಂಡೆತ್ತಿ ಹೋದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಅಮಟೂರು ಬಾಳಪ್ಪನ ಗುಂಡಿಗೆ ಬಲಿಯಾದನು. ಅದೇ ವರ್ಷದ ಡಿಸೆಂಬರಿನ ಎರಡನೆಯ ಯುದ್ಧದಲ್ಲಿ ಸಬ್ ಕಲೆಕ್ಟರ್ ಮನ್ರೋ ಸತ್ತನು. ಅವರಿಗೆ ಧಾರವಾಡದಲ್ಲಿ ಸ್ಮಾರಕಗಳಾದವು. ಎತ್ತರದ ಸ್ಮಾರಕಗಳನ್ನು ಕಂಡವರು ಇವು ಬ್ರಿಟಿಷರ ವಿಜಯಸ್ತಂಭಗಳೆಂದು ಹೇಳುವುದನ್ನು ಕೇಳಿದ್ದೇನೆ. ಸತ್ತ ಗೆಳೆಯರಿಗೆ ಎತ್ತರದ ಕಂಬ ನಿಲ್ಲಿಸುವುದು ಅವರಲ್ಲಿ ಆಗ ರೂಢಿಯಲ್ಲಿದ್ದ ಶೋಕದ ರೀತಿ. ಆ ಸಾವು ಯಾವ ಅನ್ಯಾಯದ ಆಕ್ರಮಣದಲ್ಲಿ ಬಂತೆಂಬುದನ್ನು ಆಕೃತಿಯಿಂದ ತಿಳಿಯಲಾಗದು, ಇತಿಹಾಸದಿಂದಲೇ ತಿಳಿಯಬೇಕು.

ಕಂಪನಿ ಸರ್ಕಾರದ ಅಧಿಕಾರಿಗಳ ಸಮಾಧಿಗಳಿಗೂ ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಸಮಾಧಿಗಳಿಗೂ ವ್ಯತ್ಯಾಸವಿದೆ. ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ನಾನು ಕಂಡ ಮಿಶನ್ ಸಮಾಧಿಗಳಲ್ಲಿ ಅಲಂಕಾರ ಬಹಳ ಕಡಿಮೆ: ಒಂದು ಶಿಲುಬೆ, ಹೆಸರು, ಹುಟ್ಟಿದ ಮತ್ತು ತೀರಿಕೊಂಡ ದಿನ, ಬೈಬಲಿನ ಒಂದು ವಾಕ್ಯ. ಇಲ್ಲಿಯ ಕನ್ನಡ ಕ್ರೈಸ್ತರ ಸಮಾಧಿಗಳಲ್ಲಿ ಆ ವಾಕ್ಯ ಕನ್ನಡದಲ್ಲಿಯೇ ಇರುತ್ತದೆ, ‘ಕರ್ತನಲ್ಲಿ ನಿದ್ರೆಹೋದರು’ ಎಂದು. ವೀರಗಲ್ಲಿಗೂ ಇವುಗಳಿಗೂ ಹೋಲಿಕೆ ಇದೆಯೆ ಎಂದು ಕೇಳಿದ್ದೀರಿ. ಒಂದರಿಂದ ಇನ್ನೊಂದು ಪಡೆದದ್ದು ಏನೂ ಇಲ್ಲ. ಸತ್ತವರು ಈಗ ಎಲ್ಲಿದ್ದಾರೆ ಎಂಬುದಕ್ಕೆ ಕಲ್ಲಿನಲ್ಲಿ ಉತ್ತರ ಕೊಡಬೇಕೆಂಬ ಹಂಬಲ ಮಾತ್ರ ಎರಡರಲ್ಲಿಯೂ ಕಾಣುತ್ತದೆ.

ಬೆಟಗೇರಿ ಓದುಗ

ಕಿತ್ತೂರಿನ ಮಾತು ಬಂದದ್ದರಿಂದ ಒಂದು ಸಂಗತಿ. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ನಂದಗಡದ ಸಮಾಧಿಯ ಬಳಿ ಇರುವ ಆಲದ ಮರಕ್ಕೆ ಜನರು ಮಕ್ಕಳ ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. ಯಾವ ಶಿಲ್ಪಿಯೂ ಕೆತ್ತದ ಈ ಚಿಹ್ನೆಯನ್ನು ಜನ ತಾವೇ ಸೇರಿಸಿದರು. ನಿಮ್ಮ ಕಲ್ಲಪ್ಪನಿಗೆ ಎರೆಯುವ ಎಣ್ಣೆಯೂ ಅಂಥದೇ. ಅದನ್ನು ಅಜ್ಞಾನವೆಂದು ಬಗೆಯದೆ ಫಲಕದಲ್ಲಿ ಒಂದು ಸಾಲಿನಲ್ಲಿ ದಾಖಲಿಸಿರಿ.

ಲಕ್ಕುಂಡಿ ಛಾಯಾಗ್ರಾಹಕ

ಎಣ್ಣೆಯನ್ನು ದಾಖಲಿಸುವುದು ಸರಿ. ಆದರೆ ಎಣ್ಣೆಯ ಮೇಲೆ ಧೂಳು ಕೂತು ಪದರಗಟ್ಟಿದರೆ ಪಟ್ಟಿಕೆಗಳ ನಡುವಣ ಅಕ್ಷರಗಳು ಮುಚ್ಚಿಹೋಗುತ್ತವೆ. ವೀರಗಲ್ಲಿನ ಬರಹ ಸಾಮಾನ್ಯವಾಗಿ ಇರುವುದು ಪಟ್ಟಿಕೆಗಳನ್ನು ಬೇರ್ಪಡಿಸುವ ಅಡ್ಡಪಟ್ಟಿಗಳ ಮೇಲೆ. ನಿಮ್ಮ ಕಲ್ಲಿನಲ್ಲಿ ಅಲ್ಲಿ ಅಕ್ಷರಗಳಿವೆಯೆ ಎಂಬುದನ್ನು ನೀವು ಹೇಳಿಲ್ಲ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿರಿ. ಇಲ್ಲವೆ ಕತ್ತಲಾದ ಮೇಲೆ ಬ್ಯಾಟರಿಯನ್ನು ಕಲ್ಲಿನ ಮಗ್ಗುಲಿಗೆ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿ ಫೋಟೋ ತೆಗೆಯಿರಿ. ಎದುರಿನಿಂದ ಫ್ಲ್ಯಾಶ್ ಹಾಕಿದರೆ ಏನೂ ಕಾಣುವುದಿಲ್ಲ. ಅಕ್ಷರಗಳಿಗೆ ಸೀಮೆಸುಣ್ಣ ತುಂಬಬಾರದು, ತಂತಿಯ ಬ್ರಷ್ಷು, ಆ್ಯಸಿಡ್ಡು, ಸೋಪಿನ ಪುಡಿ ಮುಟ್ಟಿಸಬಾರದ್ದು. ಜಾತ್ರೆಯ ಸಂಭ್ರಮದಲ್ಲಿ ಕಲ್ಲುಗಳಿಗೆ ಆಯಿಲ್ ಪೇಂಟ್ ಬಳಿಯುವ ಪರಿಪಾಠ ನಮ್ಮ ಕಡೆ ಬಹಳವಾಗಿದೆ. ಒಮ್ಮೆ ಬಳಿದರೆ ಸೂಕ್ಷ್ಮ ಕೆತ್ತನೆ ಮುಚ್ಚಿಹೋಗುತ್ತದೆ, ತೆಗೆಯಲು ಹೋದರೆ ಕಲ್ಲಿನ ಮೇಲ್ಮೈಯೇ ಎದ್ದುಬರುತ್ತದೆ. ಎಣ್ಣೆಯ ಸೇವೆಯನ್ನು ಕಲ್ಲಿನ ಮುಂದೆ ಒಂದು ಹಣತೆಯಿಟ್ಟು ನಡೆಸಲು ಹಿರಿಯರನ್ನು ಒಪ್ಪಿಸಿದರೆ ಭಕ್ತಿಗೂ ಕೊರತೆಯಿಲ್ಲ, ಕಲ್ಲೂ ಉಳಿಯುತ್ತದೆ.

ಶಾಸನಾಭ್ಯಾಸಿ, ಧಾರವಾಡ

ಅಕ್ಷರಗಳು ಕಂಡರೆ ಮೊದಲು ‘ದಕ್ಷಿಣ ಭಾರತದ ಶಾಸನಗಳು’ (South Indian Inscriptions) ಎಂಬ ಗ್ರಂಥಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ ನಿಮ್ಮ ಊರಿನ ಹೆಸರಿದೆಯೆ ನೋಡಿರಿ. ಅಂದಿನ ಮುಂಬಯಿ ಕರ್ನಾಟಕದ ಶಾಸನಗಳು ಆ ನಾಲ್ಕರಲ್ಲಿ ಅಚ್ಚಾಗಿವೆ. ಇಲ್ಲದಿದ್ದರೆ 1939ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯವರಿಗೆ ಫೋಟೋ ಸಮೇತ ಪತ್ರ ಬರೆಯಿರಿ. ಒದ್ದೆ ಕಾಗದವನ್ನು ಅಕ್ಷರಗಳ ಮೇಲೆ ಬಡಿದು ಕೂರಿಸಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ಪಳಗಿದ ಕೈಗಳ ಕೆಲಸ. ಅದನ್ನು ಊರವರೇ ಪ್ರಯತ್ನಿಸುವುದು ಬೇಡ.

ವರದಾ ತೀರ (ಹಾನಗಲ್ಲ ತಾಲೂಕು)

ಎಲ್ಲರಿಗೂ ಅನಂತ ಧನ್ಯವಾದಗಳು. ಓರೆ ಬೆಳಕಿನಲ್ಲಿ ನೋಡಿದಾಗ ವೀರಗಲ್ಲಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಒಂದೂವರೆ ಸಾಲಿನಷ್ಟು ಅಕ್ಷರಗಳು ಕಂಡವು. ಫೋಟೋಗಳನ್ನು ಧಾರವಾಡಕ್ಕೆ ಕಳಿಸಿದ್ದೇನೆ. ಮೂರನೆಯ ಕಲ್ಲಿನಲ್ಲಿ ಪೀಠದ ಆಚೆಗೆ ಇನ್ನೊಂದು ಕುಳಿತ ಆಕೃತಿಯ ಮೊಣಕಾಲು ಮಾತ್ರ ಉಳಿದಿದೆ. ಪುಲಿಗೆರೆಯವರು ಊಹಿಸಿದಂತೆ ಅದು ಗುರುವಿನದೇ ಇರಬೇಕು. ಫಲಕದ ಕರಡು ಹೀಗಿದೆ:

‘ಇಲ್ಲಿರುವ ಮೂರು ಕಲ್ಲುಗಳು ನಮ್ಮ ಊರಿನ ಪೂರ್ವಿಕರ ಸ್ಮಾರಕಗಳು. ಮೊದಲನೆಯದು ಊರಿನ ದನಗಳನ್ನು ಕಾಯುವ ಕಾಳಗದಲ್ಲಿ ಮಡಿದ ವೀರನದು. ಕೆಳಗಿನಿಂದ ಮೇಲಕ್ಕೆ ಅವನ ಹೋರಾಟ, ಅಪ್ಸರೆಯರೊಡನೆ ಪ್ರಯಾಣ ಮತ್ತು ಶಿವಸಾನ್ನಿಧ್ಯಗಳನ್ನು ಕೆತ್ತಲಾಗಿದೆ. ಇವನನ್ನು ಊರವರು ಕಲ್ಲಪ್ಪ ಎಂದು ಪೂಜಿಸುತ್ತ ಬಂದಿದ್ದಾರೆ. ಎರಡನೆಯದು ಗಂಡನ ಚಿತೆಯಲ್ಲಿ ಪ್ರಾಣ ಕಳೆದುಕೊಂಡ ಹೆಣ್ಣುಮಗಳ ನೆನಪಿನದು. ಅವಳು ಮುತ್ತೈದೆಯಾಗಿಯೇ ಹೋದಳೆಂದು ಅಂದಿನವರು ನಂಬಿದ್ದನ್ನು ಬಳೆ ತೊಟ್ಟ ತೋಳು ತೋರಿಸುತ್ತದೆ. ಅವಳ ಹೆಸರು ಉಳಿದಿಲ್ಲ. ಮೂರನೆಯದು ಸಲ್ಲೇಖನ ವ್ರತದಿಂದ ದೇಹ ತ್ಯಜಿಸಿದ ಜೈನರೊಬ್ಬರದು. ಮೇಲೆ ಜಿನಮೂರ್ತಿ, ಕೆಳಗೆ ಗ್ರಂಥಪೀಠದ ಮುಂದೆ ವ್ರತಸ್ಥರು ಇದ್ದಾರೆ. ಈ ಕಲ್ಲುಗಳಿಗೆ ಬಣ್ಣ ಬಳಿಯಬಾರದು.’

ಇದರಲ್ಲಿ ತಿದ್ದಬೇಕಾದದ್ದು ಏನಾದರೂ ಇದೆಯೆ?

ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

‘ಅವಳ ಹೆಸರು ಉಳಿದಿಲ್ಲ’ ಎಂಬ ವಾಕ್ಯವನ್ನು ಯಾರು ಹೇಳಿದರೂ ತೆಗೆಯಬೇಡಿ, ತಮ್ಮಾ.

ಶಾಸನಾಭ್ಯಾಸಿ, ಧಾರವಾಡ

ಎರಡು ತಿದ್ದುಪಡಿಗಳು. ಒಂದು, ಆ ಒಂದೂವರೆ ಸಾಲನ್ನು ಓದುವವರೆಗೆ ‘ದನಗಳನ್ನು ಕಾಯುವ ಕಾಳಗದಲ್ಲಿ’ ಎಂದು ಖಚಿತವಾಗಿ ಬರೆಯದೆ, ‘ದನಗಳ ಸಾಲನ್ನು ಕೆತ್ತಿರುವುದರಿಂದ ತುರುಗಾಳಗದಲ್ಲಿ ಮಡಿದವನೆಂದು ತೋರುತ್ತದೆ’ ಎಂದು ಬರೆಯಿರಿ. ಎರಡು, ‘ನಮ್ಮ ಊರಿನ ಪೂರ್ವಿಕರ’ ಎಂಬುದರ ಬದಲು ‘ಈ ಸೀಮೆಯಲ್ಲಿ ಬಾಳಿದವರ’ ಎಂದಿರಲಿ, ಕಲ್ಲುಗಳು ಬೇರೆಡೆಯಿಂದ ಬಂದಿರುವ ಸಾಧ್ಯತೆ ಇದ್ದೇ ಇದೆ. ಓದು ತಿಳಿದುಬಂದ ಮೇಲೆ ಸಾಲುಗಳನ್ನು ಬದಲಿಸಲು ಅನುಕೂಲವಾಗುವಂತೆ ಮೊದಲ ಫಲಕವನ್ನು ತಗಡಿನದನ್ನೇ ಮಾಡಿಸಿರಿ, ಗ್ರಾನೈಟಿನದು ಆಮೇಲೆ ಆಗಲಿ. ಅದನ್ನು ಕಲ್ಲುಗಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬೇರೆ ಕಂಬಕ್ಕೆ ನಿಲ್ಲಿಸಿರಿ. ಕಲ್ಲುಗಳ ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿಸುವ ಯೋಚನೆ ಕಮಿಟಿಯಲ್ಲಿ ಇದ್ದರೆ ತಡೆಯಿರಿ. ನೆಲದೊಳಗೆ ಹೂತಿರುವ ಭಾಗದಲ್ಲಿಯೂ ಬರಹವಿರಬಹುದು.